ಜನಾಭಿಪ್ರಾಯವೂ ಅನುಮೋದನೆಯ ಹೊಣೆಯೂ

(ರಾಬರ್ಟ್ ಮ್ಯಾಕ್‌ನಮಾರಾ ಅವರ ವಿಯೆಟ್ನಾಂ ಸ್ಮರಣಗ್ರಂಥ: ಒಂದು ವಿಮರ್ಶೆ)

ಹಿಂಸೆಯನ್ನು ತಾನೇ ಮಾಡುವುದು ಕೃತ. ಇತರರಿಂದ ಮಾಡಿಸುವುದು ಕಾರಿತ. ಮಾಡಿದವರನ್ನು ಸರಿಯೆಂದು ಒಪ್ಪುವುದು ಅನುಮತ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕರ್ಮಾಸ್ರವಕ್ಕೆ ಆಧಾರವಾದ ಜೀವಾಧಿಕರಣವನ್ನು ವಿವರಿಸುವಾಗ ಈ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು. ಇವನ್ನು ಗುಣಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆಯಲ್ಲಿ 108 ಮಣಿಗಳಿರುವುದಕ್ಕೆ ನಮ್ಮ ಹಿರಿಯರು ಹೇಳುವ ಕಾರಣಗಳಲ್ಲಿ ಇದೂ ಒಂದು. ಈ 108ರಲ್ಲಿ 36 ಭೇದಗಳು ಅನುಮೋದನೆಗೆ ಸೇರಿದವು. ಆಯುಧ ಹಿಡಿಯದ, ಆಜ್ಞೆ ಕೊಡದ ಮನುಷ್ಯನ ಪಾಲಿಗೂ ಮೂರರಲ್ಲಿ ಒಂದು ಭಾಗ ಉಳಿಯುತ್ತದೆಯೆಂದು ಇದರ ತಾತ್ಪರ್ಯ.

ಪ್ರಜಾಪ್ರಭುತ್ವದ ದೇಶಗಳಲ್ಲಿ ಈ ಅನುಮೋದನೆಗೆ ಅಂಕಿಸಂಖ್ಯೆಯ ರೂಪವೂ ಬಂದಿದೆ. ಯುದ್ಧ ಸರಿಯೇ, ನಾಯಕನು ಅದನ್ನು ನಿಲ್ಲಿಸಬೇಕೇ ಎಂದು ಜನರನ್ನು ಕೇಳಿ, ಬಂದ ಉತ್ತರಗಳನ್ನು ಶೇಕಡಾವಾರು ಲೆಕ್ಕದಲ್ಲಿ ಪ್ರಕಟಿಸುವುದು ವಾಡಿಕೆಯಾಗಿದೆ. ಹೀಗೆ ಎಣಿಸಲ್ಪಟ್ಟ ಜನಾಭಿಪ್ರಾಯಕ್ಕೆ ಅಹಿಂಸೆಯ ದೃಷ್ಟಿಯಿಂದ ಏನು ಬೆಲೆ? ಜನರಿಗೆ ಬೇಡವಾದ ಯುದ್ಧವನ್ನು ನಿಲ್ಲಿಸಲು ನಾಯಕನು ಆ ಎಣಿಕೆಗಾಗಿ ಕಾಯಬೇಕೇ? ಈ ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಓದತಕ್ಕ ಗ್ರಂಥವೊಂದು 1995ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದೇ ರಾಬರ್ಟ್ ಮ್ಯಾಕ್‌ನಮಾರಾ ಅವರ ‘ಇನ್ ರೆಟ್ರೋಸ್ಪೆಕ್ಟ್’. ‘ಹಿಂದಿರುಗಿ ನೋಡಿದಾಗ’ ಎಂಬುದು ಆ ಹೆಸರಿನ ಭಾವ.

ಗ್ರಂಥವು ಒಪ್ಪಿಕೊಳ್ಳುವುದು

ಮ್ಯಾಕ್‌ನಮಾರಾ 1961ರಿಂದ 1968ರ ಫೆಬ್ರವರಿಯವರೆಗೆ ಕೆನಡಿ ಮತ್ತು ಜಾನ್ಸನ್ ಎಂಬ ಇಬ್ಬರು ಅಧ್ಯಕ್ಷರ ಕೈಕೆಳಗೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದವರು. ನಮ್ಮಲ್ಲಿ ರಕ್ಷಣಾ ಮಂತ್ರಿಗೆ ಇರುವ ಸ್ಥಾನ ಅದು. ಅದಕ್ಕೂ ಮೊದಲು ಫೋರ್ಡ್ ಮೋಟಾರು ಕಂಪನಿಯ ಅಧ್ಯಕ್ಷರಾಗಿದ್ದರು. ಲೆಕ್ಕಾಚಾರದ ಕುಶಲತೆಗೆ ಹೆಸರಾದವರು. ವಿಯೆಟ್ನಾಂ ಯುದ್ಧವನ್ನು ಜನರು ಅವರ ಹೆಸರಿನಿಂದಲೇ ಕರೆಯುವಷ್ಟು ಅದರ ಸಂಚಾಲನೆ ಅವರದಾಗಿತ್ತು. ಅಧಿಕಾರ ಬಿಟ್ಟ 27 ವರ್ಷಗಳ ಅನಂತರ, ಯುದ್ಧ ಮುಗಿದ 20 ವರ್ಷಗಳ ಅನಂತರ, ತಾವೂ ತಮ್ಮ ಸಹೋದ್ಯೋಗಿಗಳೂ ಘೋರವಾಗಿ ತಪ್ಪಿದೆವೆಂದು ಅವರು ಈ ಗ್ರಂಥದಲ್ಲಿ ಬರೆದರು. ತಪ್ಪಿದ್ದಕ್ಕೆ 11 ಕಾರಣಗಳನ್ನೂ ಪಟ್ಟಿಮಾಡಿದರು.

ಆ ಪಟ್ಟಿಯಲ್ಲಿ ಎರಡು ಅಂಶಗಳು ನಮ್ಮ ವಾಚಕರಿಗೆ ವಿಶೇಷವಾಗಿ ಗಮನಾರ್ಹ. ವಿಯೆಟ್ನಾಮಿನ ಜನರ ಇತಿಹಾಸ, ಸಂಸ್ಕೃತಿ, ರಾಜಕಾರಣಗಳನ್ನು ತಾವು ಅರಿಯಲಿಲ್ಲ, ಅವರ ರಾಷ್ಟ್ರಾಭಿಮಾನದ ಬಲವನ್ನು ಗುರುತಿಸಲಿಲ್ಲ ಎಂಬುದು ಒಂದು. ಅನೇಕಾಂತವನ್ನು ನಾವು ಬಹುಮಟ್ಟಿಗೆ ವಾದಸಭೆಯ ತತ್ತ್ವವೆಂದು ಭಾವಿಸಿದ್ದೇವೆ. ಎದುರಾಳಿಯ ನಿಲುವಿನಿಂದ ಒಮ್ಮೆಯಾದರೂ ಜಗತ್ತನ್ನು ನೋಡದೆ ಆಯುಧವೆತ್ತಿದರೆ ಲಕ್ಷಗಟ್ಟಲೆ ಪ್ರಾಣಗಳು ಹೋಗುತ್ತವೆಯೆಂದು ಈ ಪುಟಗಳಲ್ಲಿ ಒಬ್ಬ ಯುದ್ಧಮಂತ್ರಿಯೇ ಸಾಕ್ಷಿ ನುಡಿಯುತ್ತಾನೆ.

ಯುದ್ಧಕ್ಕಿಳಿಯುವ ಮುನ್ನ ಸಂಸತ್ತಿನೊಡನೆಯೂ ಜನರೊಡನೆಯೂ ತಾವು ಬಿಚ್ಚುಮನಸ್ಸಿನ ಚರ್ಚೆ ನಡೆಸಲಿಲ್ಲವೆಂಬುದು ಎರಡನೆಯದು. 1964ರ ಆಗಸ್ಟ್‌ನಲ್ಲಿ ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ಎರಡು ಬಾರಿ ದಾಳಿಯಾಯಿತೆಂದು ಹೇಳಿ ಸರ್ಕಾರವು ಸಂಸತ್ತಿನ ಒಪ್ಪಿಗೆ ಕೇಳಿತು. ಕೆಳಮನೆಯಲ್ಲಿ 416 ಮತಗಳು ಪರವಾಗಿ ಬಿದ್ದವು, ವಿರೋಧವಾಗಿ ಒಂದೂ ಇಲ್ಲ. ಮೇಲ್ಮನೆಯಲ್ಲಿ 88 ಪರ, 2 ವಿರೋಧ. ಎರಡನೆಯ ದಾಳಿ ನಡೆದೇ ಇರಲಿಲ್ಲವೆಂಬುದು ಅನಂತರ ಸ್ಥಿರಪಟ್ಟಿತು. ಸತ್ಯಾಣುವ್ರತವನ್ನು ಮುರಿದು ಪಡೆದ ಒಪ್ಪಿಗೆಯಲ್ಲಿ ಕೊಟ್ಟವನಿಗಿಂತ ಪಡೆದವನ ದೋಷವೇ ದೊಡ್ಡದು. ಆದರೂ ಪೂರ್ಣವಾಗಿ ಕೇಳಿ ತಿಳಿಯದೆ ಒಪ್ಪಿಗೆ ಕೊಟ್ಟವನನ್ನು ಪ್ರಮಾದದಿಂದ ಮುಕ್ತನೆನ್ನಲು ಬಾರದು.

ಶೇಕಡಾ ಲೆಕ್ಕದ ಒಳಗೆ

ಇನ್ನು ಜನಾಭಿಪ್ರಾಯದ ಮಾತು. ವಿಯೆಟ್ನಾಮಿಗೆ ಸೈನ್ಯ ಕಳುಹಿಸಿದ್ದು ತಪ್ಪೇ ಎಂಬ ಒಂದೇ ಪ್ರಶ್ನೆಯನ್ನು ಗ್ಯಾಲಪ್ ಸಂಸ್ಥೆ ವರ್ಷವರ್ಷವೂ ಕೇಳುತ್ತ ಬಂದಿತು. 1965ರ ಆಗಸ್ಟ್‌ನಲ್ಲಿ ತಪ್ಪೆಂದವರು ಶೇ. 24, 1968ರ ಆಗಸ್ಟ್‌ನಲ್ಲಿ ಶೇ. 53, 1971ರ ಮೇ ತಿಂಗಳಲ್ಲಿ ಶೇ. 61. ಮೇಲುನೋಟಕ್ಕೆ ಇದು ಒಂದು ರಾಷ್ಟ್ರದ ವಿವೇಕವು ಮೆಲ್ಲಮೆಲ್ಲನೆ ಎಚ್ಚರಗೊಂಡ ಕಥೆ. ಒಳಹೊಕ್ಕು ನೋಡಿದರೆ ಚಿತ್ರ ಬೇರೆ. ತಪ್ಪೆಂದವರಲ್ಲಿ ಯುದ್ಧವನ್ನು ನಿಲ್ಲಿಸಬೇಕೆಂಬವರೂ ಇದ್ದರು, ಇನ್ನೂ ಉಗ್ರವಾಗಿ ಹೊಡೆದು ಮುಗಿಸಬೇಕೆಂಬವರೂ ಇದ್ದರು. ಕೊರಿಯಾ ಮತ್ತು ವಿಯೆಟ್ನಾಂ ಯುದ್ಧಗಳ ಕಾಲದ ಜನಾಭಿಪ್ರಾಯವನ್ನು ತೂಗಿ ನೋಡಿದ ಜಾನ್ ಮ್ಯೂಲರ್ ಎಂಬ ವಿದ್ವಾಂಸರು 1973ರ ತಮ್ಮ ಗ್ರಂಥದಲ್ಲಿ ತೋರಿಸಿದ್ದು ಇಷ್ಟು: ಸತ್ತ ಮತ್ತು ಗಾಯಗೊಂಡ ಅಮೆರಿಕನ್ನರ ಸಂಖ್ಯೆ ಏರಿದಂತೆ ಯುದ್ಧಕ್ಕಿದ್ದ ಬೆಂಬಲ ಇಳಿಯುತ್ತ ಹೋಯಿತು. ಜನರು ಎಣಿಸಿದ್ದು ತಮ್ಮ ಕಡೆಯ ಹೆಣಗಳನ್ನು.

ಇದಕ್ಕೆ ಕಠಿಣವಾದ ಸಾಕ್ಷ್ಯವೊಂದು 1971ರಲ್ಲಿ ದೊರೆಯಿತು. 1968ರ ಮಾರ್ಚ್ 16ರಂದು ಮೈ ಲಾಯ್ ಎಂಬ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ನಿರಾಯುಧರಾದ ಹೆಂಗಸರು, ಮಕ್ಕಳು, ಮುದುಕರನ್ನು ಕೊಂದರು. ವಿಯೆಟ್ನಾಮಿನ ಲೆಕ್ಕದಲ್ಲಿ ಸತ್ತವರು 504. ಲೆಫ್ಟಿನೆಂಟ್ ಕ್ಯಾಲಿ ಎಂಬ ಅಧಿಕಾರಿಗೆ 1971ರ ಮಾರ್ಚ್‌ನಲ್ಲಿ ಸೈನಿಕ ನ್ಯಾಯಾಲಯವು ಅಪರಾಧ ಹೊರಿಸಿ ಜೀವಾವಧಿ ಶಿಕ್ಷೆ ಕೊಟ್ಟಿತು. ಆಗ ಅಭಿಪ್ರಾಯ ಕೇಳಿದಾಗ ನೂರರಲ್ಲಿ ಸುಮಾರು 80 ಮಂದಿ ಆ ತೀರ್ಪನ್ನು ಒಪ್ಪಲಿಲ್ಲ. ಮೇಲಿನವರನ್ನು ಬಿಟ್ಟು ಕೆಳಗಿನವನನ್ನು ಹಿಡಿದರೆಂಬ ನ್ಯಾಯವಾದ ಕೋಪವೂ ಅದರಲ್ಲಿ ಕೆಲವರಿಗಿತ್ತು. ಆದರೂ ಅದೇ ವಸಂತದಲ್ಲಿ ಯುದ್ಧ ತಪ್ಪೆಂದು ಹೇಳಿದ ಅದೇ ಸಮಾಜವು ಕೊಲೆಗಾರನ ಪರವಾಗಿ ಕರಗಿತು. ಯುದ್ಧ ಬೇಡವೆನ್ನುವುದೂ ಹಿಂಸೆ ಬೇಡವೆನ್ನುವುದೂ ಒಂದೇ ಅಲ್ಲ.

ನಾಯಕರೂ ಇದನ್ನು ಚೆನ್ನಾಗಿ ಬಲ್ಲರು. 1969ರ ಅಕ್ಟೋಬರ್ 15ರಂದು ಅಮೆರಿಕದಾದ್ಯಂತ ಬೃಹತ್ ಶಾಂತಿ ಪ್ರದರ್ಶನಗಳು ನಡೆದವು. ನವೆಂಬರ್ 3ರಂದು ಅಧ್ಯಕ್ಷ ನಿಕ್ಸನ್ ದೂರದರ್ಶನದಲ್ಲಿ ಮಾತನಾಡಿ, ಬೀದಿಗಿಳಿಯದ ಮೌನ ಬಹುಸಂಖ್ಯಾತರ ಬೆಂಬಲವನ್ನು ಕೇಳಿಕೊಂಡರು. ಮೌನವನ್ನೂ ಅನುಮೋದನೆಯ ಲೆಕ್ಕಕ್ಕೆ ಸೇರಿಸಿಕೊಂಡ ಪ್ರಸಂಗವಿದು. ಅರ್ಧಕ್ಕಿಂತ ಹೆಚ್ಚು ಜನರು ತಪ್ಪೆಂದು ಹೇಳಿದ ಮೇಲೂ ಪ್ಯಾರಿಸ್ ಒಪ್ಪಂದಕ್ಕೆ ಸಹಿ ಬೀಳಲು, ಎಂದರೆ 1973ರ ಜನವರಿ 27ರವರೆಗೆ, ನಾಲ್ಕು ವರ್ಷಗಳಿಗೂ ಮೀರಿದ ಕಾಲ ಬೇಕಾಯಿತು.

ಬಲ್ಲವನ ಮೌನ

ಗ್ರಂಥದ ದುರ್ಬಲ ಸ್ಥಾನವೂ ಇಲ್ಲಿಯೇ ಇದೆ. ಜನರಿಗೆ ತಿಳಿಯುವ ಮೊದಲೇ ಮಂತ್ರಿಗೆ ತಿಳಿದಿತ್ತು. 1967ರ ನವೆಂಬರ್ 1ರಂದು ಮ್ಯಾಕ್‌ನಮಾರಾ ಅಧ್ಯಕ್ಷ ಜಾನ್ಸನ್ ಅವರಿಗೆ ಗುಪ್ತ ಟಿಪ್ಪಣಿಯೊಂದನ್ನು ಕೊಟ್ಟು, ಉತ್ತರ ವಿಯೆಟ್ನಾಮಿನ ಮೇಲಿನ ಬಾಂಬು ದಾಳಿ ನಿಲ್ಲಿಸಬೇಕು, ಸೈನ್ಯವನ್ನು ಇನ್ನು ಹೆಚ್ಚಿಸಬಾರದು ಎಂದು ಸೂಚಿಸಿದರು. ಅದಕ್ಕೆ ಅವರಿಗೆ ಉತ್ತರ ಬರಲಿಲ್ಲ. ಅದೇ ತಿಂಗಳಲ್ಲಿ ಅವರು ವಿಶ್ವಬ್ಯಾಂಕಿನ ಅಧ್ಯಕ್ಷ ಸ್ಥಾನಕ್ಕೆ ಹೋಗುವರೆಂಬ ಪ್ರಕಟಣೆ ಹೊರಬಿತ್ತು. ಅಲ್ಲಿ 1981ರವರೆಗೆ ಕೆಲಸ ಮಾಡಿದರು. ಯುದ್ಧದ ವಿಷಯದಲ್ಲಿ ಬಾಯಿ ತೆರೆಯಲಿಲ್ಲ. ಆ ಯುದ್ಧದಲ್ಲಿ ಸತ್ತ 58,000ಕ್ಕೂ ಮಿಕ್ಕಿದ ಅಮೆರಿಕನ್ನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತದ್ದು 1968ರಲ್ಲಿ ಮತ್ತು ಅದರ ಅನಂತರ. ವಿಯೆಟ್ನಾಂ ಸರ್ಕಾರವು 1995ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಆ ಕಡೆ ಸತ್ತ ಯೋಧರು 11 ಲಕ್ಷ, ನಾಗರಿಕರು ಸುಮಾರು 20 ಲಕ್ಷ.

ತಮ್ಮ ಮೌನಕ್ಕೆ ಮ್ಯಾಕ್‌ನಮಾರಾ ಕೊಡುವ ಸಮರ್ಥನೆ ಸ್ವಾಮಿನಿಷ್ಠೆಯದು. ಮಂತ್ರಿಯ ಅಧಿಕಾರ ಅಧ್ಯಕ್ಷನಿಂದ ಬಂದದ್ದು. ಆದುದರಿಂದ ಅದನ್ನು ಅಧ್ಯಕ್ಷನ ವಿರುದ್ಧ ಬಳಸಕೂಡದೆಂದು ಅವರ ವಾದ. ವ್ರತಿಯಾದವನು ಶಲ್ಯರಹಿತನಾಗಿರಬೇಕೆಂದು ತತ್ತ್ವಾರ್ಥಸೂತ್ರ ವಿಧಿಸುತ್ತದೆ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಮುಳ್ಳುಗಳಲ್ಲಿ ಈ ಗ್ರಂಥಕರ್ತರು ಮಿಥ್ಯಾಶಲ್ಯವನ್ನು, ಎಂದರೆ ತಮ್ಮ ತಪ್ಪು ತಿಳಿವಳಿಕೆಯನ್ನು, ಧೈರ್ಯವಾಗಿ ಕಿತ್ತು ತೋರಿಸುತ್ತಾರೆ. ಒಳಗೊಂದು ತಿಳಿದು ಹೊರಗೊಂದು ನಡೆದ ಮಾಯಾಶಲ್ಯವನ್ನು ಮಾತ್ರ ನಿಷ್ಠೆಯೆಂಬ ಹೆಸರಿನ ಬಟ್ಟೆಯಿಂದ ಮುಚ್ಚಿಬಿಡುತ್ತಾರೆ. ತಪ್ಪಾಯಿತು ಎಂಬ ಮಾತು ಪುಟಪುಟದಲ್ಲಿಯೂ ತೀರ್ಮಾನದ ದೋಷವಾಗಿ, ಎಣಿಕೆಯ ದೋಷವಾಗಿ ಬರುತ್ತದೆ. ಪ್ರಮತ್ತಯೋಗದಿಂದ ಪ್ರಾಣಗಳನ್ನು ಬೇರ್ಪಡಿಸುವುದೇ ಹಿಂಸೆಯೆಂಬ ಲಕ್ಷಣವನ್ನು ಬಲ್ಲ ನಮಗೆ ಅಜಾಗರೂಕತೆಯು ಹಿಂಸೆಗೆ ಕ್ಷಮಾಪತ್ರವಲ್ಲ, ಅದೇ ಹಿಂಸೆಯ ಮೂಲ.

ಒಂದೆಡೆ ಮಾತ್ರ ಗ್ರಂಥದ ಧ್ವನಿ ಬದಲಾಗುತ್ತದೆ. 1965ರ ನವೆಂಬರ್ 2ರಂದು ನಾರ್ಮನ್ ಮಾರಿಸನ್ ಎಂಬ ಕ್ವೇಕರ್ ಪಂಥದ ಶಾಂತಿವಾದಿ ರಕ್ಷಣಾ ಕಚೇರಿಯ ಎದುರು, ಮ್ಯಾಕ್‌ನಮಾರಾ ಅವರ ಕಿಟಕಿಗೆ ಸಮೀಪದಲ್ಲಿಯೇ, ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟರು. ಆತ್ಮಘಾತವನ್ನು ನಮ್ಮ ಧರ್ಮ ಒಪ್ಪದು. ಅದನ್ನು ಅಹಿಂಸೆಯೆಂದು ಕೊಂಡಾಡಲಾಗದು. ಆದರೆ ಆ ಸಂಕಟವನ್ನು ತಾವು ಮನಸ್ಸಿನೊಳಗೇ ಅದುಮಿಟ್ಟು ಮಡದಿಮಕ್ಕಳೊಡನೆಯೂ ಮಾತನಾಡದೆ ಹೋದೆವೆಂದು ಮ್ಯಾಕ್‌ನಮಾರಾ ಬರೆಯುವಲ್ಲಿ ಲೆಕ್ಕಿಗನ ಹಿಂದಿನ ಮನುಷ್ಯ ಕಾಣಿಸುತ್ತಾನೆ. ಗ್ರಂಥದಲ್ಲಿ ನಿಜವಾದ ಆಲೋಚನೆ, ಗುರುವಿನೆದುರು ದೋಷನಿವೇದನೆ ಎಂಬ ಶಾಸ್ತ್ರೀಯ ಅರ್ಥದ ಆಲೋಚನೆ, ಇಲ್ಲಿದೆ. ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಅದು ಮೊದಲನೆಯದು ಮಾತ್ರ. 1995ರಲ್ಲಿಯೇ ಅವರು ಹನೋಯಿಗೆ ಹೋಗಿ ಎದುರಾಳಿಯಾಗಿದ್ದ ಸೇನಾನಿ ಜಿಯಾಪ್ ಅವರನ್ನು ಕಂಡದ್ದೂ, 1997ರಲ್ಲಿ ಎರಡೂ ದೇಶಗಳ ಹಳೆಯ ಅಧಿಕಾರಿಗಳನ್ನು ಅಲ್ಲಿ ಒಟ್ಟಿಗೆ ಕೂರಿಸಿದ್ದೂ ಮುಂದಿನ ಮೆಟ್ಟಿಲಿಗೆ ಹತ್ತುವ ಪ್ರಯತ್ನವೆಂದು ಹೇಳುವುದು ನ್ಯಾಯ.

ಮಂತ್ರಿಗಳು ಕೇಳಿದ ಪ್ರಶ್ನೆ

ರಾಜ್ಯಭಾರ ಹೊತ್ತವರನ್ನು ಮುನಿಧರ್ಮದ ತಕ್ಕಡಿಯಲ್ಲಿ ತೂಗುವುದು ಸರಿಯೇ ಎಂಬ ಆಕ್ಷೇಪ ಏಳಬಹುದು. ಸರಿಯಲ್ಲ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ನಿಷಿದ್ಧ; ರಕ್ಷಣೆಗಾಗಿ ಅನಿವಾರ್ಯವಾದ ವಿರೋಧೀ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಲಾರನೆಂದು ನಮ್ಮ ಶ್ರಾವಕಾಚಾರವೇ ಒಪ್ಪಿದೆ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದವನು. ಆದರೆ ವಿಯೆಟ್ನಾಂ ಯುದ್ಧವು ತನ್ನ ದೇಶದ ರಕ್ಷಣೆಗೆ ಅನಿವಾರ್ಯವಾಗಿರಲಿಲ್ಲವೆಂದು ಮ್ಯಾಕ್‌ನಮಾರಾ ಅವರ ಗ್ರಂಥದಿಂದಲೇ ವಿದಿತವಾಗುತ್ತದೆ.

ತಕ್ಕ ಹೋಲಿಕೆ ಬೇಕಾದರೆ ಭರತ-ಬಾಹುಬಲಿಗಳ ಪ್ರಸಂಗಕ್ಕೆ ಹೋಗಬೇಕು. ಬಾಹುಬಲಿಯ ವೈರಾಗ್ಯವನ್ನು ನೆನೆಯುವ ನಾವು ಅದಕ್ಕೂ ಮುನ್ನ ನಡೆದ ಸಂಗತಿಯನ್ನು ಮರೆಯುವುದುಂಟು. ಸೇನೆಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ಕೂಡಿ ವಿಚಾರಿಸಿದರೆಂದು ಜಿನಸೇನಾಚಾರ್ಯರ ಆದಿಪುರಾಣ ಹೇಳುತ್ತದೆ. ಒಡೆಯರಿಬ್ಬರೂ ಚರಮಶರೀರಿಗಳು, ಅವರಿಗೆ ಯಾವ ಹಾನಿಯೂ ಇಲ್ಲ; ಈ ನೆಪದಲ್ಲಿ ಎರಡೂ ಪಕ್ಷಗಳ ಜನ ಮಾತ್ರ ನಾಶವಾಗುತ್ತಾರೆ ಎಂಬುದು ಅವರ ವಿಚಾರ. ಇದನ್ನು ಅವರು ಗುಪ್ತ ಟಿಪ್ಪಣಿಯಲ್ಲಿ ಬರೆದಿಡಲಿಲ್ಲ. ರಾಜರಿಗೆ ತಿಳಿಸಿ, ಸೇನೆಗಳನ್ನು ತಡೆದು, ದೃಷ್ಟಿ, ಜಲ, ಮಲ್ಲ ಯುದ್ಧಗಳಿಗೆ ಇಬ್ಬರನ್ನೂ ಒಪ್ಪಿಸಿದರು. ಯುದ್ಧ ಆರಂಭವಾಗುವ ಮೊದಲೇ ಹೇಳಿದರು, ಮತ್ತು ಎರಡೂ ಕಡೆಯ ಪ್ರಾಣಗಳನ್ನು ಎಣಿಸಿ ಹೇಳಿದರು. ಮ್ಯಾಕ್‌ನಮಾರಾ ಅವರ ಟಿಪ್ಪಣಿಗೆ ಮೊದಲನೆಯದು ಇಲ್ಲ. ಶೇಕಡಾವಾರು ಎಣಿಸಿದ ಜನಾಭಿಪ್ರಾಯಕ್ಕೆ ಎರಡನೆಯದು ಇಲ್ಲ.

ನಾಯಕನು ಜನಕ್ಕೆ ಬೇಡವಾದ ಯುದ್ಧವನ್ನು ನಿಲ್ಲಿಸಬೇಕೇ ಎಂಬ ಪ್ರಶ್ನೆಗೆ ಹೀಗಾಗಿ ಎರಡು ಉತ್ತರಗಳಿವೆ. ನಾಯಕನಾದವನು ಯುದ್ಧ ಅಧರ್ಮವೆಂದು ತಿಳಿದ ದಿನವೇ ನಿಲ್ಲಿಸತಕ್ಕದ್ದು. ಜನರ ಶೇಕಡಾ ಐವತ್ತನ್ನು ದಾಟುವವರೆಗೆ ಕಾದರೆ ಆ ನಡುವಿನ ಪ್ರತಿಯೊಂದು ಪ್ರಾಣವೂ ಅವನ ಕಾರಿತದ ಲೆಕ್ಕಕ್ಕೆ ಸೇರುತ್ತದೆ. ಪ್ರಜೆಯಾದವನು ಬೇಡವೆನ್ನುವಾಗ ತನ್ನ ನಷ್ಟವನ್ನಷ್ಟೇ ನೋಡದೆ ಉಭಯಪಕ್ಷದ ಜನಕ್ಷಯವನ್ನು ನೋಡತಕ್ಕದ್ದು; ಇಲ್ಲವಾದರೆ ನಷ್ಟ ಕಡಿಮೆಯಾದ ಮುಂದಿನ ಯುದ್ಧಕ್ಕೆ ಅವನೇ ಕೈ ಎತ್ತುತ್ತಾನೆ.

ಸಾಮಾಯಿಕದಲ್ಲಿ ಕುಳಿತು ಮನ-ವಚನ-ಕಾಯಗಳಿಂದ, ಕೃತ-ಕಾರಿತ-ಅನುಮೋದನೆಗಳಿಂದ ಆದ ದೋಷಗಳನ್ನು ನೆನೆಯುವ ಶ್ರಾವಕರು ನಾವು. ಬೆಳಿಗ್ಗೆ ಪತ್ರಿಕೆ ಓದುತ್ತ ಯಾವುದೋ ದೇಶದ ಮೇಲೆ ಬಾಂಬು ಬಿದ್ದ ಸುದ್ದಿಗೆ ತಕ್ಕ ಶಾಸ್ತಿಯಾಯಿತೆಂದು ಆಡುವ ಒಂದು ಮಾತು ಆ 36ರೊಳಗಿನದು. ಬಸದಿಗಳ ಸ್ವಾಧ್ಯಾಯ ಮಂಡಲಿಗಳಲ್ಲಿ ಜೀವಾಧಿಕರಣದ ಸೂತ್ರ ಬಂದಾಗ ಈ ಗ್ರಂಥದ ಕಥೆಯನ್ನೂ ಜೊತೆಗೆ ಹೇಳಿದರೆ, ಅನುಮತ ಎಂಬ ಶಬ್ದದ ಭಾರ ಎಳೆಯರಿಗೆ ತಿಳಿದೀತು. ಮ್ಯಾಕ್‌ನಮಾರಾ 2009ರಲ್ಲಿ ತೀರಿಕೊಂಡರು. ಅವರು 27 ವರ್ಷ ತಡವಾಗಿ ಹೇಳಿದ್ದನ್ನು ನಾವು ಹೇಳಬೇಕಾದ ದಿನದಲ್ಲಿಯೇ ಹೇಳುವುದಾದರೆ, ಆ ಗ್ರಂಥವನ್ನು ಓದಿದ್ದು ಸಾರ್ಥಕವಾದೀತು.