ತಾಲೀಮು, ತರ್ಬಿಯತ್ತು ಮತ್ತು ಪ್ರಶ್ನಾವಳಿ

ಮುಸ್ಲಿಂ ಹದಿಹರೆಯದವರ ಧಾರ್ಮಿಕ ಸಂಸ್ಕಾರಕ್ಕೂ ನಡತೆಗೂ ಇರುವ ಸಂಬಂಧವನ್ನು ಪ್ರಶ್ನಾವಳಿಯಿಂದ ಅಳೆಯುವ ಪದ್ಧತಿಯುಂಟು. ದಿನಕ್ಕೆ ಎಷ್ಟು ಹೊತ್ತಿನ ನಮಾಜು, ಕುರಾನಿನ ಎಷ್ಟು ಭಾಗದ ಓದು ಎಂಬುದಕ್ಕೆ ಅಂಕ. ವಿಧೇಯತೆಗೆ ಮತ್ತೊಂದು ಅಂಕ. ಎರಡನ್ನೂ ಕೂಡಿಸುವ ಗಣಿತ. ಯಾದಗಿರಿ, ಶಹಾಪುರ, ಸುರಪುರಗಳ ಮಟ್ಟಿಗೆ ಈ ಅಳತೆಗೋಲು ಸಾಲದೆಂಬುದು ನಮ್ಮ ಅಭಿಪ್ರಾಯ.

ಹದಿಹರೆಯವನ್ನು ಪ್ರತ್ಯೇಕ ಅವಸ್ಥೆಯೆಂದು ಮನಶ್ಶಾಸ್ತ್ರದಲ್ಲಿ ಪ್ರಚಾರಕ್ಕೆ ತಂದುದು ಸ್ಟಾನ್ಲಿ ಹಾಲನ 1904ರ ಗ್ರಂಥ. ಇಸ್ಲಾಮೀ ಧರ್ಮಶಾಸ್ತ್ರದಲ್ಲಾದರೋ ಪ್ರಾಯಕ್ಕೆ ಬಂದವನು 'ಬಾಲಿಗ್'. ನಮಾಜು, ಉಪವಾಸಗಳ ಹೊಣೆ ಅಂದಿನಿಂದ ಅವನ ಹೆಗಲಿಗೇ. ಏಳನೆಯ ವರ್ಷದಿಂದ ನಮಾಜನ್ನು ರೂಢಿಮಾಡಿಸಬೇಕೆಂಬ ಹದೀಸು ಇದಕ್ಕೆ ಪೂರ್ವಸಿದ್ಧತೆ. ಆದುದರಿಂದ ಹದಿನಾಲ್ಕರ ಹುಡುಗ ವಿಧೇಯನೇ ಎಂದು ಕೇಳುವುದಕ್ಕಿಂತ, ಹೊಣೆ ಹೊತ್ತ ಅವನನ್ನು ಮನೆಯವರು ಹೇಗೆ ಕಾಣುತ್ತಾರೆಂದು ಕೇಳುವುದು ಯುಕ್ತ.

ಭಾಷೆಯ ಪ್ರಶ್ನೆ ಇನ್ನೂ ಜಟಿಲವಾದುದು. ಮಕ್ತಬಿನಲ್ಲಿ ಅರಬ್ಬಿ, ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ. ಅರಬ್ಬಿಯನ್ನು ಹುಡುಗ ಬಾಯಿಪಾಠ ಮಾಡುವನು. ಅಜ್ಜಿಯ ಬುದ್ಧಿಮಾತು ದಖನಿಯಲ್ಲಿ. ಕಲಿಸುವುದು ತಾಲೀಮು, ಬೆಳೆಸುವುದು ತರ್ಬಿಯತ್ತು. (ಮೊದಲನೆಯ ಪದ ನಮ್ಮ ಗರಡಿಗೂ ನಾಟಕಕ್ಕೂ ಸಂದಿತು, ಎರಡನೆಯದು ಕನ್ನಡದಲ್ಲಿ ಬೇರೂರಲಿಲ್ಲ.) ಪ್ರಶ್ನಾವಳಿ ತಾಲೀಮನ್ನು ಎಣಿಸಿ ಅದನ್ನೇ ತರ್ಬಿಯತ್ತೆಂದು ಕರೆಯುತ್ತದೆ.

ಮೇಲಾಗಿ, ಇದು ಗೋಗಿಯ ಚಂದಾ ಹುಸೇನಿ ದರ್ಗಾದ, ತಿಂಥಣಿಯ ಮೌನೇಶ್ವರನ ಸೀಮೆ. ಮೊಹರಮ್ಮಿನಲ್ಲಿ ಕರ್ಬಲಾದ ಕಥೆಯನ್ನು ಹಿಂದೂಗಳೂ ಕನ್ನಡದ ರಿವಾಯತ್ ಪದಗಳಾಗಿ ಹಾಡುವರು. ಅನ್ಯಾಯಕ್ಕೆ ತಲೆಬಾಗದ ಹುಸೇನನ ಕಥೆ ನೆರೆಯವನ ಬಾಯಿಂದಲೂ ಹುಡುಗನ ಕಿವಿಗೆ ಬೀಳಬಹುದು. ಅಲಾವಿ ಕುಣಿತ ಶಾಸ್ತ್ರಸಮ್ಮತವಲ್ಲವೆಂಬ ಆಕ್ಷೇಪವೂ ಸಮಾಜದೊಳಗೇ ಇದೆ. ಈ ಎರಡರ ನಡುವೆ ಅವನು ಮಾಡುವ ವಿವೇಚನೆಗೆ ಅಂಕಪಟ್ಟಿಯಲ್ಲಿ ಕೋಷ್ಟಕವೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಲೋಪ ಬೇರೆ. 2009ರ ಕೊನೆಯಲ್ಲಿ ರಚಿತವಾದ ಈ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಸುಮಾರು ಶೇಕಡಾ 52, ರಾಜ್ಯದಲ್ಲೇ ಕನಿಷ್ಠ. ತರಗತಿಯಲ್ಲಿ ಹಂಚುವ ಪ್ರಶ್ನಾವಳಿ ತರಗತಿಯಲ್ಲಿರುವವರಿಗೆ ಮಾತ್ರ ಮುಟ್ಟುವುದಷ್ಟೆ. ಹತ್ತಿ ಬಿಡಿಸಲು ಹೊಲಕ್ಕೆ ಹೋದ ಹುಡುಗಿ, ತಂದೆ ಬೆಂಗಳೂರಿಗೆ ದುಡಿಯಲು ಹೋದ ಮೇಲೆ ಮನೆ ನೋಡಿಕೊಳ್ಳುವ ಹುಡುಗ, ಇವರು ಲೆಕ್ಕಕ್ಕೇ ಬರುವುದಿಲ್ಲ. ಹೊಣೆಯ ಭಾರವನ್ನು ಎಲ್ಲರಿಗಿಂತ ಮೊದಲು ಹೊತ್ತವರು ಇವರೇ. ಇವರ ಬಳಿಗೆ ಕಾಗದವಿಲ್ಲದೆ ಹೋಗಿ, ದಖನಿಯಲ್ಲಿ ಮಾತನಾಡಿ ಬಂದ ವಿದ್ಯಾರ್ಥಿಯ ಪ್ರಬಂಧವೊಂದು ಬರಲೆಂದು ನಾವು ಕಾದಿದ್ದೇವೆ.