ಗ್ಯಾಸ್ ಮುಗಿಯುವುದಿಲ್ಲ

"ಗ್ಯಾಸ್ ಮುಗದಿರಬೇಕ್ರಿ, ತುಂಬಿಸಿಬಿಡ್ರಿ." ದಿಗ್ಗೇವಾಡಿಯ ಗುಡಿಕಟ್ಟೆಯಿಂದ ಹಿಡಿದು ಮಿರಜದ ಮದುವೆ ಊಟದ ಪಂಕ್ತಿಯವರೆಗೆ, ನನ್ನ ಕಾರಿನ ಎಸಿಗೆ ಸಿಕ್ಕ ಮದ್ದು ಇದೊಂದೇ. ಹೇಳಿದವರೆಲ್ಲ ನನ್ನ ಹಿತ ಬಯಸುವವರು. ನಾನೂ ಎರಡು ಬೇಸಿಗೆ ಅವರ ಮಾತು ಕೇಳಿದೆ. ಮೊದಲ ಸಲ ತುಂಬಿಸಿದ ಗ್ಯಾಸು ಇಪ್ಪತ್ತು ದಿನ ಬಂತು, ಎರಡನೆಯ ಸಲದ್ದು ಹನ್ನೊಂದೇ ದಿನ. ತುಂಬಿಕೊಟ್ಟ ಅಂಗಡಿಯವರು ಎರಡು ಸಲವೂ ಬಾನೆಟ್ಟು ಎತ್ತಿದ್ದು ಪೈಪು ಸಿಕ್ಕಿಸಲಿಕ್ಕೆ ಮಾತ್ರ. ತಕರಾರು ತೆಗೆದರೆ, "ಹಳೇ ಗಾಡಿ ಅಲ್ರೀ, ಹಿಂಗ ಇರೂದ" ಅಂದರು.

ಹಳೆಯದು ಹೌದು. 1997ರ ಮಾರುತಿ 800, ಚಿಕ್ಕೋಡಿಯ ಕೆಎ 23 ನಂಬರಿನದು. 796 ಸಿಸಿ ಇಂಜಿನ್ನು, ಕಾರ್ಬುರೇಟರು, ನಲವತ್ತು ಮುಟ್ಟದ ಅಶ್ವಶಕ್ತಿ. ಅದರಲ್ಲಿಯೇ ಒಂದಿಷ್ಟನ್ನು ಎಸಿ ತಿನ್ನುತ್ತದೆ. ಕಬ್ಬು ಹೇರಿಕೊಂಡು ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರನ್ನು ಹಿಂದೆ ಹಾಕಬೇಕೆಂದರೆ ಒಂದು ಕೈ ಎಸಿ ಗುಂಡಿಯ ಮೇಲೆಯೇ ಇರಬೇಕು: ಆರಿಸು, ದಾಟು, ಮತ್ತೆ ಹಚ್ಚು. ಇದನ್ನು ನಾನು ಕುಂದು ಎಂದು ಎಣಿಸುವುದಿಲ್ಲ. 1939ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿ ಮೊದಲ ಬಾರಿಗೆ ಎಸಿ ಕೂಡಿಸಿ ಕಾರು ಮಾರಿದಾಗ ಆ ಎಸಿಯ ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ. ತಂಪು ಸಾಕೆನಿಸಿದರೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಕೆಳಗಿಳಿದು ಬೆಲ್ಟ್ ಬಿಚ್ಚಿಡಬೇಕಿತ್ತು. ಅವರಿಗಿಂತ ನಾನು ಸುಖಿ.

ಮೂರನೆಯ ಬೇಸಿಗೆಗೆ ಮಿರಜ ರಸ್ತೆಯ ಒಬ್ಬ ಮಿಸ್ತ್ರಿಯ ಹತ್ತಿರ ಹೋದೆ. ಅರ್ಧ ಕನ್ನಡ, ಅರ್ಧ ಮರಾಠಿ, ವಯಸ್ಸಿನಲ್ಲಿ ನನ್ನ ಮಗನಷ್ಟು. ಗ್ಯಾಸ್ ತುಂಬು ಅಂದದ್ದಕ್ಕೆ ಅವನು ಸಿಲಿಂಡರಿನ ಕಡೆ ನೋಡಲೂ ಇಲ್ಲ. "ಕಾಕಾ, ತುಂಬಿದ್ದು ಎಲ್ಲಿ ಹೋತು? ಮದಲ ಅದನ್ನ ಹುಡುಕೂಣ್ರಿ. ತುಂಬೂದು ಆಮ್ಯಾಲ." ಅಲ್ಲಿಯೇ ಕುರ್ಚಿ ಎಳೆದುಕೊಂಡು ಕೂತೆ.

ಎಸಿಯ ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಹೋಗುವ ಪದಾರ್ಥವಲ್ಲ. ಗಾಣದೆತ್ತಿನ ಹಾಗೆ ಅದೇ ಜಾಡಿನಲ್ಲಿ ಸುತ್ತುತ್ತಲೇ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಕಾಯಿಸುತ್ತದೆ. ಮುಂದಿನ ಜಾಲರಿಯ ಹಿಂದಿರುವ ಕಂಡೆನ್ಸರಿನಲ್ಲಿ ಅದು ಕಾವು ಬಿಟ್ಟು ದ್ರವವಾಗುತ್ತದೆ. ಡ್ರೈಯರ್ ಬಾಟ್ಲಿ ಅದರ ತೇವ ಹೀರಿಕೊಳ್ಳುತ್ತದೆ. ಆಮೇಲೆ ಸೂಜಿಯ ಕಣ್ಣಿನಂಥ ವಾಲ್ವಿನಿಂದ ನುಸುಳಿ, ಡ್ಯಾಶ್‌ಬೋರ್ಡಿನ ಕೆಳಗಿನ ಕೂಲಿಂಗ್ ಕಾಯಿಲಿನಲ್ಲಿ ಕುದಿದು ಆವಿಯಾಗುತ್ತದೆ. ಆವಿಯಾಗುವಾಗ ಸುತ್ತಲಿನ ಕಾವನ್ನು ಹೀರುತ್ತದೆ. ಅಡುಗೆಮನೆಯ ಮಣ್ಣಿನ ಹರವಿ ಬೆವತು ನೀರು ತಣ್ಣಗಿಡುವುದೂ ಇದೇ ಲೆಕ್ಕದಲ್ಲಿ. ಹರವಿಯ ನೀರು ಗಾಳಿಗೆ ಹೋಗುತ್ತದೆ, ಕಾರಿನ ಗ್ಯಾಸು ಮರಳಿ ಬರುತ್ತದೆ. ಬರಲಿಲ್ಲ ಎಂದರೆ ಎಲ್ಲೋ ತೂತಿದೆ. ಸಣ್ಣ ಕಾರಿಗೆ ಬೇಕಾದದ್ದೇ ಅರ್ಧ ಕಿಲೋ ಆಸುಪಾಸು. ಅಷ್ಟು ಸೋರಲು ದೊಡ್ಡ ತೂತು ಬೇಕಿಲ್ಲ.

ಮಿಸ್ತ್ರಿ ಬೆರಳನ್ನು ಕಂಪ್ರೆಸರಿನ ಮೂತಿಯ ಕೆಳಗೆ ಆಡಿಸಿ ನನಗೆ ತೋರಿಸಿದ. ಕರಿ ಜಿಡ್ಡು. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತದೆ, ಗ್ಯಾಸು ಹೋದಲ್ಲಿ ಎಣ್ಣೆಯೂ ಇಣುಕುತ್ತದೆ, ಎಣ್ಣೆ ಇಣುಕಿದಲ್ಲಿ ಧೂಳು ಹಿಡಿಯುತ್ತದೆ. ದುಬಾರಿ ಯಂತ್ರ ಹಚ್ಚುವ ಮೊದಲು ಕಣ್ಣು ಹಚ್ಚಿದರೆ ಅರ್ಧ ಸೋರಿಕೆ ಅಲ್ಲೇ ಸಿಕ್ಕಿಬೀಳುತ್ತದೆ. ಉಳಿದರ್ಧಕ್ಕೆ ನೈಟ್ರೋಜನ್ ತುಂಬಿ ಸೋಪಿನ ನೀರು ಸವರಿದ. ಕಂಡೆನ್ಸರಿನ ಒಂದು ಜಾಯಿಂಟು ಗುಳ್ಳೆ ಬಿಟ್ಟಿತು. ಹಿಂದಿನ ತಲೆಮಾರಿನ ಮಿಸ್ತ್ರಿಗಳು ಬೆಂಕಿಯ ದೀಪ ಹಿಡಿದು, ಜ್ವಾಲೆ ಹಸಿರಾದಲ್ಲಿ ಸೋರಿಕೆ ಎನ್ನುತ್ತಿದ್ದರು. ನೋಡಲು ಚೆಂದ. ಆದರೆ ಆ ಕಾಲದ ಗ್ಯಾಸು ಬೆಂಕಿಗೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಗಾಳಿಯೂ ಹುಟ್ಟುತ್ತದೆ. ಆ ವಿದ್ಯೆ ಮರೆಯಾದದ್ದಕ್ಕೆ ನನಗೆ ಬೇಸರವಿಲ್ಲ.

ಮೂತಿಯ ಸೀಲು ಯಾಕೆ ಹೋಯಿತು? ನನ್ನ ಜಿಪುಣತನದಿಂದ. ನವೆಂಬರಿನಿಂದ ಫೆಬ್ರುವರಿಯವರೆಗೆ ನಮ್ಮ ಕಡೆ ಯಾರೂ ಎಸಿ ಹಚ್ಚುವುದಿಲ್ಲ, ಹೊಳೆಯ ಕಡೆಯಿಂದ ಬರುವ ಥಂಡಿಗೆ ಶಾಲೇ ಬೇಕು. ನಾನೂ ಹಚ್ಚಲಿಲ್ಲ. ಆ ಸೀಲನ್ನು ಹಸಿಯಾಗಿಡುವುದು ಕಂಪ್ರೆಸರ್ ತಿರುಗಿದಾಗ ಬರುವ ಎಣ್ಣೆಯೇ. ತಿಂಗಳುಗಟ್ಟಲೆ ತಿರುಗದಿದ್ದರೆ ಅದು ಒಣಗಿ ಬಿರುಸಾಗುತ್ತದೆ. ಪೆಟ್ರೋಲ್ ಉಳಿಸಿದೆ ಎಂದುಕೊಂಡ ನಾನು ಸೀಲು ಒಣಗಿಸಿದ್ದೆ. ಈಗ ಚಿಂಚಲಿ ಮಾಯಕ್ಕನ ಜಾತ್ರೆಯ ಚಳಿಯಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಚ್ಚುತ್ತೇನೆ. ಪಕ್ಕದಲ್ಲಿ ಕೂತವರು ನನಗೆ ತಲೆ ಕೆಟ್ಟಿದೆ ಎನ್ನುತ್ತಾರೆ.

ಆದರೆ ಹನ್ನೊಂದೇ ದಿನಕ್ಕೆ ಖಾಲಿಯಾದದ್ದಕ್ಕೆ ಸೀಲೊಂದೇ ಕಾರಣವಲ್ಲ. ನನ್ನ ಗಾಡಿ ಹುಟ್ಟಿದ್ದು ಆರ್-12 ಎಂಬ ಗ್ಯಾಸಿಗೆ. 1920ರ ದಶಕದ ಕೊನೆಯಲ್ಲಿ ಥಾಮಸ್ ಮಿಡ್ಗ್ಲಿ ಮತ್ತು ಸಂಗಡಿಗರು ಕಟ್ಟಿದ ಈ ಗ್ಯಾಸು ಉರಿಯದು, ವಿಷವಲ್ಲ, ಲೋಹ ತಿನ್ನದು. ಅಮೋನಿಯಾ, ಸಲ್ಫರ್ ಡೈಆಕ್ಸೈಡುಗಳ ಜೊತೆ ಹೆಣಗುತ್ತಿದ್ದ ತಂಪು ಪೆಟ್ಟಿಗೆಗಳಿಗೆ ಅದು ವರದಂತೆ ಕಂಡಿತು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬಿಬ್ಬರು ವಿಜ್ಞಾನಿಗಳು, ಈ ಬಳಗದ ಗ್ಯಾಸುಗಳು ಮೇಲೇರಿ ಓಜೋನ್ ಪದರವನ್ನೇ ತಿನ್ನುತ್ತವೆ ಎಂದರು. ಅವನ್ನು ಕೈಬಿಡಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತವೂ ಸೇರಿತು. 2003ರ ಜನವರಿಯಿಂದ ನಮ್ಮಲ್ಲಿ ಹೊಸ ಕಾರಿನ ಎಸಿಗೆ ಆರ್-12 ಬಳಸುವಂತಿಲ್ಲ. ಈಗ ಅಂಗಡಿಯಲ್ಲಿ ಸಿಗುವುದು ಆರ್-134ಎ.

ಅಂಗಡಿಯವರು ಮಾಡಿದ್ದು ಇಷ್ಟು: ಆರ್-12ರ ಹೊಟ್ಟೆಗೆ ಆರ್-134ಎ ಸುರಿದರು. ಹೊಸ ಗ್ಯಾಸು ಹಳೆಯ ಖನಿಜ ಎಣ್ಣೆಯ ಜೊತೆ ಬೆರೆಯುವುದಿಲ್ಲ. ಎಣ್ಣೆ ಮೂಲೆ ಮೂಲೆಯಲ್ಲಿ ಕೂತುಬಿಡುತ್ತದೆ, ಕಂಪ್ರೆಸರ್ ಒಣಗಿಯೇ ತಿರುಗುತ್ತದೆ. ಇದರ ಕಣಗಳು ಸಣ್ಣವು, ಹಳೆಯ ರಬ್ಬರ್ ಪೈಪಿನ ಮೈಯಿಂದಲೇ ಜಿನುಗಿಹೋಗುತ್ತವೆ. ಅಂದರೆ ಗಾಡಿ ಸೋರಿದ್ದು ಹಳೆಯದೆಂಬ ಕಾರಣಕ್ಕಲ್ಲ, ಹಳೆಯ ಗಾಡಿಗೆ ಹೊಸ ಗಾಡಿಯ ಮದ್ದು ಕುಡಿಸಿದ್ದಕ್ಕೆ. ನನ್ನ ಎರಡು ತುಂಬಿಕೆಯಲ್ಲಿ ಗಾಳಿಗೆ ಹೋದದ್ದು ಸುಮಾರು ಒಂದು ಕಿಲೋ. ಭೂಮಿ ಬಿಸಿಮಾಡುವುದರಲ್ಲಿ ಆರ್-134ಎ ಇಂಗಾಲದ ಡೈಆಕ್ಸೈಡಿಗಿಂತ ಸಾವಿರದ ನಾನೂರು ಪಟ್ಟು ಬಲಶಾಲಿ. ಇಡೀ ಬೇಸಿಗೆ ಎಸಿ ಆರಿಸಿ ಬೆವರಿದ್ದರೆ ಅದಕ್ಕಿಂತ ಪುಣ್ಯ ಬರುತ್ತಿತ್ತು.

"ಪ್ರೆಶರ್ ಬರಾಬರ್ ಐತಿ" ಎಂದೂ ಆ ಅಂಗಡಿಯಲ್ಲಿ ತೋರಿಸಿದ್ದರು. ಇದು ಬಲು ನಂಬಿಸುವ ಸುಳ್ಳು. ಇಂಜಿನ್ ಆರಿರುವಾಗ ಮೀಟರಿನ ಮುಳ್ಳು ಹೇಳುವುದು ಹೊರಗಿನ ಸೆಕೆಯನ್ನು, ಒಳಗಿನ ಗ್ಯಾಸಿನ ತೂಕವನ್ನಲ್ಲ. 30 ಡಿಗ್ರಿಯ ದಿನ ಆರ್-134ಎ ಬಾಟ್ಲಿಯಲ್ಲಿ ಒಂದು ಲೋಟ ದ್ರವ ಉಳಿದಿರಲಿ, ಒಂದು ಬಿಂದಿಗೆ ಇರಲಿ, ಮುಳ್ಳು 100 ಪಿಎಸ್‌ಐ ಹತ್ತಿರವೇ ನಿಲ್ಲುತ್ತದೆ. ಎಷ್ಟಿದೆ ಎಂದು ತಿಳಿಯಲು ತಕ್ಕಡಿಯೇ ಬೇಕು. ನನ್ನ ಮಿಸ್ತ್ರಿ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟೇ ತುಂಬಿದ, ಅದೂ ಹಳೆಯ ಗ್ಯಾಸಿನ ಲೆಕ್ಕಕ್ಕಿಂತ ಆರರಲ್ಲಿ ಒಂದು ಪಾಲು ಕಡಿಮೆ.

ಅದಕ್ಕೆ ಮೊದಲು ಎರಡು ದಿನದ ಕೆಲಸವಿತ್ತು. ಹಳೆ ಎಣ್ಣೆ ಬಸಿದು ತೊಳೆದು ಎಸ್ಟರ್ ಎಣ್ಣೆ ಹಾಕಿದ. ಮೂತಿಯ ಸೀಲು, ಡ್ರೈಯರ್ ಬಾಟ್ಲಿ, ಎಲ್ಲ ಜಾಯಿಂಟಿನ ರಬ್ಬರ್ ರಿಂಗುಗಳು ಹೊಸವಾದವು. ಪೈಪಿನ ವಿಷಯಕ್ಕೆ ನಾನೇ ಬುದ್ಧಿ ಓಡಿಸಿ, ಟ್ರ್ಯಾಕ್ಟರಿನ ಹೈಡ್ರಾಲಿಕ್ ಪೈಪು ಒತ್ತಿಕೊಡುವ ಅಂಗಡಿ ಪಕ್ಕದಲ್ಲೇ ಇದೆಯಲ್ಲ, ಅಲ್ಲೇ ಮಾಡಿಸೋಣ ಎಂದೆ. ಹುಡುಗ ನಕ್ಕ. ಹೈಡ್ರಾಲಿಕ್ ಪೈಪು ಎಣ್ಣೆಯ ಒತ್ತಡ ತಡೆಯುತ್ತದೆ, ಗ್ಯಾಸನ್ನು ತಡೆಯದು. ಎಸಿ ಪೈಪಿನ ಒಳಮೈಯಲ್ಲಿ ನೈಲಾನಿನ ತಡೆಪದರ ಇರಬೇಕು.

ಆಮೇಲೆ ವ್ಯಾಕ್ಯೂಮ್. ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ ಇದು, ಯಾಕೆಂದರೆ ಇಲ್ಲಿ ಮಾಡಲಿಕ್ಕೆ ಏನೂ ಇಲ್ಲ, ಕಾಯಬೇಕು. ಒಳಗೆ ಒಂದು ಹನಿ ನೀರು ಉಳಿದರೂ ಅದು ವಾಲ್ವಿನ ಸಣ್ಣ ಕಣ್ಣಿನಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಪಂಪು ಗಾಳಿ ಎಳೆದಂತೆ ಒತ್ತಡ ಇಳಿದು, ನೀರು ಬೆಂಕಿಯಿಲ್ಲದೆ ಆ ನೆರಳಿನ ಸೆಕೆಗೇ ಕುದಿದು ಹೊರಗೆ ಹೋಗುತ್ತದೆ. ಪುಸ್ತಕದಲ್ಲಿ ಮುಳ್ಳು 29 ಇಂಚಿಗೆ ಇಳಿಯಬೇಕು ಎಂದಿರುತ್ತದೆ. ಅದು ಸಮುದ್ರದ ದಂಡೆಯ ಲೆಕ್ಕ. ನಮ್ಮ ಊರುಗಳು ಐನೂರು ಮೀಟರಿಗಿಂತ ಮೇಲಿವೆ, ಗಾಳಿಯ ಭಾರವೇ ಅಷ್ಟು ಕಡಿಮೆ. ಮುಳ್ಳು 28ರ ಆಸುಪಾಸಿಗೆ ನಿಂತರೆ ಪಂಪಿಗೆ ಬೈಯಬಾರದು. ಮುಕ್ಕಾಲು ತಾಸು ಎಳೆದು, ವಾಲ್ವು ಮುಚ್ಚಿ, ಅರ್ಧ ತಾಸು ಬಿಟ್ಟ. ಮುಳ್ಳು ಕದಲಲಿಲ್ಲ. ಇಬ್ಬರೂ ಎರಡನೆಯ ಚಹಾ ಕುಡಿದೆವು.

ಇಷ್ಟಾಗಿಯೂ ಗಾಡಿ ತಣ್ಣಗಾಗದಿರಬಹುದು. ನಮ್ಮ ಕಡೆ ಗ್ಯಾಸಿಗೆ ಸಂಬಂಧವಿಲ್ಲದ ಕಾರಣಗಳು ಬೇರೆಯೇ ಇವೆ. ಹಂಗಾಮಿನಲ್ಲಿ ಕಬ್ಬು ಕಡಿದ ಹೊಲದ ರವದಿಗೆ ಬೆಂಕಿ ಇಟ್ಟರೆ ಕರಿ ಬೂದಿ ಅಂಗಳದ ತನಕ ಹಾರುತ್ತದೆ. ರಸ್ತೆಯ ಎರೆಮಣ್ಣಿನ ಧೂಳು ಅದಕ್ಕೆ ಸೇರಿ ಕಂಡೆನ್ಸರಿನ ರೆಕ್ಕೆಗಳ ನಡುವೆ ಕಂಬಳಿ ಹೊದಿಸುತ್ತದೆ. ಕಾವು ಬಿಡಲಾಗದ ಕಂಡೆನ್ಸರಿನಿಂದ ಯಾವ ಗ್ಯಾಸೂ ತಂಪು ತೆಗೆಯದು. ಅದನ್ನು ಸರ್ವಿಸಿಂಗಿನವರ ಜೋರು ನೀರಿಗೆ ಒಡ್ಡಬೇಡಿ, ರೆಕ್ಕೆ ಮಡಚಿಕೊಳ್ಳುತ್ತವೆ. ಸಾದಾ ನಳದ ನೀರು, ಇಂಜಿನ್ ಕಡೆಯಿಂದ ಮುಂದಕ್ಕೆ. ಕಬ್ಬು ಹೋದ ಹೊಲದ ಇಲಿಗಳೂ ಮನೆ ಹುಡುಕಿಕೊಂಡು ಬರುತ್ತವೆ. ನನ್ನ ಬ್ಲೋವರಿನ ಡಬ್ಬಿಯಲ್ಲಿ ಅಂಗೈ ತುಂಬ ರವದಿ, ಶೇಂಗಾ ಸಿಪ್ಪೆ, ಕಡಿದ ವೈರಿನ ತುಂಡು ಸಿಕ್ಕವು. ಈ ಗಾಡಿಗೆ ಒಳಗಾಳಿಯ ಫಿಲ್ಟರೇ ಇಲ್ಲ, ಎಲ್ಲ ಕಸವೂ ಕೂಲಿಂಗ್ ಕಾಯಿಲಿಗೇ ಮೆತ್ತುತ್ತದೆ. 2019ರ ಆಗಸ್ಟಿನಲ್ಲೋ 2021ರ ಜುಲೈಯಲ್ಲೋ ಕೃಷ್ಣೆಯ ನೀರು ಕಂಡ ಗಾಡಿಯಾದರೆ, ಕಂಪ್ರೆಸರ್ ಪುಲ್ಲಿಯ ಬೇರಿಂಗು ಮತ್ತು ಕ್ಲಚ್ಚಿನ ಕಾಯಿಲನ್ನು ಮೊದಲು ನೋಡಿ. ರಾಡಿ ಅಲ್ಲಿ ಸೇರಿಕೊಂಡು ವರ್ಷಗಟ್ಟಲೆ ಸುಮ್ಮನಿರುತ್ತದೆ.

ಇನ್ನೊಂದು, ಹಳೆ ಕಾರಿನವರೇ ಮರೆಯುವ ಮಾತು: ಹೀಟರಿಗೆ ಹೋಗುವ ಬಿಸಿನೀರಿನ ವಾಲ್ವು ತುಕ್ಕು ಹಿಡಿದು ಅರ್ಧ ತೆರೆದೇ ಇರುತ್ತದೆ. ಒಂದೇ ಡಬ್ಬಿಯೊಳಗೆ ಎಸಿ ತಂಪು ಮಾಡುತ್ತದೆ, ಹೀಟರು ಕಾಯಿಸುತ್ತದೆ, ನೀವು ಗ್ಯಾಸಿನವನಿಗೆ ದುಡ್ಡು ಕೊಡುತ್ತೀರಿ.

ಹೊಸ ಗ್ಯಾಸು ಹಳೆಯ ಕಂಡೆನ್ಸರಿನಲ್ಲಿ ಆರ್-12ರಷ್ಟು ಸಲೀಸಾಗಿ ಕಾವು ಬಿಡುವುದಿಲ್ಲ, ಅದಕ್ಕೆ ಮುಂದೆ ಇನ್ನೊಂದು ಫ್ಯಾನು ಕೂಡಿಸಿದೆವು. ಹೊರಗೆ 39 ಡಿಗ್ರಿ ಇದ್ದ ಮಧ್ಯಾಹ್ನ, ಗಾಡಿ ಓಡುವಾಗ ಗಾಳಿಬಾಯಿಯಲ್ಲಿ ಇಟ್ಟ ಥರ್ಮಾಮೀಟರು 11 ತೋರಿಸಿತು. ಕುಡಚಿಯ ರೈಲ್ವೆ ಗೇಟಿನಲ್ಲಿ ನಿಂತಾಗ 16ಕ್ಕೆ ಏರಿತು. ಹೊಸ ಕಾರಿನವರು ಇದನ್ನು ಕೇಳಿ ನಗಬಹುದು. ಆ ಕಾರುಗಳ ತಂಪು ಮೈಗೆ ಚುಚ್ಚುತ್ತದೆ, ಇದು ತೋಟದ ಬಾವಿಯ ಮೆಟ್ಟಿಲಿಳಿದ ಹಾಗೆ ನಿಧಾನಕ್ಕೆ ಹತ್ತುತ್ತದೆ. ನನಗೆ ಇದೇ ಸೈ.

ಊರಿಗೆ ಬಂದು ಮನೆ ಮುಂದೆ ನಿಲ್ಲಿಸಿದೆ. ಎದುರುಮನೆಯ ಹುಡುಗ ಓಡಿಬಂದ. "ಕಾಕಾ, ನಿಮ್ಮ ಗಾಡಿ ಸೋರಾಕತ್ತೇತ್ರಿ!" ಬಗ್ಗಿ ನೋಡಿದೆ. ಕೂಲಿಂಗ್ ಕಾಯಿಲಿನ ಬೆವರು ಸಣ್ಣ ರಬ್ಬರ್ ನಳಿಕೆಯಿಂದ ಎರೆಮಣ್ಣಿನ ಮೇಲೆ ತೊಟ್ಟಿಕ್ಕುತ್ತಿತ್ತು. ಸೋರಲಿ ಬಿಡು ಅಂದೆ.