ಮನೀಷಾ ಕಲ್ಯಾಣ್ ಅವರ ಆಟ
ಫುಟ್‌ಬಾಲ್‌ನಲ್ಲಿ ಎದುರಾಳಿಯ ಗೋಲಿಗೆ ಅತಿ ಸಮೀಪದಲ್ಲಿ ಆಡುವ ಫಾರ್ವರ್ಡ್ ಆಟಗಾರ್ತಿಯ ಕೌಶಲವು ರಕ್ಷಣಾ ಸಾಲಿನ ಹಿಂದೆ ತೆರೆದುಕೊಳ್ಳುವ ಜಾಗವನ್ನು ಉಳಿದವರಿಗಿಂತ ಕ್ಷಣ ಮೊದಲೇ ಗುರುತಿಸುವುದರಲ್ಲಿದ್ದು, ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯಲ್ಲಿ 2001ರಲ್ಲಿ ಜನಿಸಿದ ಮನೀಷಾ ಕಲ್ಯಾಣ್ ಅವರಲ್ಲಿ ಈ ಗುಣ ಅಪರೂಪವೆನಿಸುವಷ್ಟು ಪಕ್ವವಾಗಿದೆ. 2021ರ ನವೆಂಬರ್‌ನಲ್ಲಿ ಮನಾಸ್ ನಗರದಲ್ಲಿ ಭಾರತದ ವಿರುದ್ಧದ ಪಂದ್ಯದಲ್ಲಿ ಆತಿಥೇಯ ಬ್ರೆಜಿಲ್ ಆರಂಭದಲ್ಲೇ ಮುನ್ನಡೆ ಪಡೆದಿದ್ದರೂ, ಅವರು ಪ್ರತಿದಾಳಿಯಲ್ಲಿ, ಎಂದರೆ ಎದುರಾಳಿಗಳು ಮುಂದೆ ಬಂದು ಹಿಂಬದಿ ಬರಿದಾದ ಹೊತ್ತಿನಲ್ಲಿ, ನುಗ್ಗಿ 8ನೇ ನಿಮಿಷದಲ್ಲಿ ಗೋಲು ಹೊಡೆದು ಸಮಬಲ ತಂದರು. ಭಾರತವು 1–6ರಿಂದ ಸೋತಿತೆಂಬ ಕಾರಣಕ್ಕೆ ಆ ಗೋಲಿನ ಬೆಲೆ ಕಿಂಚಿತ್ತೂ ಕುಗ್ಗದು. ಮರುವರ್ಷ ಗೋಕುಲಂ ಕೇರಳ ತಂಡದಿಂದ ಸೈಪ್ರಸ್‌ನ ಅಪೊಲೊನ್ ಕ್ಲಬ್ಬಿಗೆ ತೆರಳಿದ ಅವರು, ಯುರೋಪಿನ ಅಗ್ರ ಕ್ಲಬ್‌ಗಳ ಸ್ಪರ್ಧೆಯಾದ ಮಹಿಳಾ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಸುತ್ತಿನಲ್ಲಿ ಕಣಕ್ಕಿಳಿದು, ಆ ಟೂರ್ನಿಯಲ್ಲಿ ಆಡಿದ ಮೊದಲ ಭಾರತೀಯ ಆಟಗಾರ್ತಿಯಾದರು.